ಸ್ಟೇಷನ್ ಹೊಸದಾಯಿತು, ನಮ್ಮ ಚೀಲ ಇಳಿಸುವ ಜಾಗ ಎಲ್ಲಿ?

(ಗದಗ ತಾಲ್ಲೂಕಿನ ಒಂದು ಗ್ರಾಮದಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಆದಷ್ಟು ಹಾಗೆಯೇ ಬರೆದುಕೊಂಡಿದೆ.)



ಸಾಲದ ಬಗ್ಗೆ ಮಾತಾಡು ಅಂತ ನನ್ನನ್ನು ಕರೆದಿದ್ದಾರೆ. ನಾನು ರೈಲ್ವೆ ಸ್ಟೇಷನ್ ಬಗ್ಗೆ ಮಾತಾಡ್ತೇನೆ. ಹಿಂದೆ ಕುಂತವರು ಆಗಲೇ ನಗಾಕತ್ತೀರಿ. ನಗ್ರಿ, ತಪ್ಪೇನಿಲ್ಲ. ಆದರೆ ಸಾಲಕ್ಕೂ ಸ್ಟೇಷನ್ನಿಗೂ ಏನು ಸಂಬಂಧ ಅನ್ನುವುದು ನನಗೆ ತಿಳಿದದ್ದು ನಮ್ಮ ಮನೆಯ ಎರಡು ಎಕರೆ ಎರೆ ಹೊಲ ಕೈಬಿಟ್ಟ ಮೇಲೆ. ಅದನ್ನು ಆಮೇಲೆ ಹೇಳ್ತೇನೆ.

ಮೊದಲು ಒಳ್ಳೆಯ ಮಾತು ಆಡಿಬಿಡೋಣ. 2025ರ ಮೇ 22ರಂದು ದೇಶದಲ್ಲಿ ಒಂದೇ ದಿನ 103 ಸ್ಟೇಷನ್ನುಗಳನ್ನು ಹೊಸದಾಗಿ ಮಾಡಿ ಉದ್ಘಾಟನೆ ಮಾಡಿದರು. ನಮ್ಮ ಗದಗ, ಧಾರವಾಡ, ಬಾಗಲಕೋಟೆ, ಗೋಕಾಕ ರೋಡ್, ಮುನಿರಾಬಾದ್ ಆ ಪಟ್ಟಿಯಲ್ಲಿದ್ದವು. ಅಮೃತ ಭಾರತ ಅಂತ ಯೋಜನೆಯ ಹೆಸರು. 2023ರ ಆಗಸ್ಟ್ 6ರಂದು 508 ಸ್ಟೇಷನ್ನುಗಳಿಗೆ ಒಟ್ಟಿಗೇ ಅಡಿಗಲ್ಲು ಹಾಕಿದಾಗ ಹೇಳಿದ ಲೆಕ್ಕ 24,470 ಕೋಟಿ ರೂಪಾಯಿ. ಒಟ್ಟು 1,300ಕ್ಕೂ ಹೆಚ್ಚು ಸ್ಟೇಷನ್ ಮಾಡ್ತಾರಂತೆ. ನಾನು ಹೋಗಿ ನೋಡಿದೆ. ಚೆಂದ ಆಗೈತಿ. ಆಸ್ಪತ್ರೆಗೆ ಅಂತ ಹುಬ್ಬಳ್ಳಿಗೆ ಹೋಗುವ ಮುದುಕಿಗೆ ನೆರಳಿನಲ್ಲಿ ಕೂಡಲು ಜಾಗ, ಹೆಣ್ಣುಮಕ್ಕಳಿಗೆ ಮರ್ಯಾದೆಯ ಪಾಯಿಖಾನೆ ಆಗುವುದಾದರೆ ಅದನ್ನು ಬೈಯುವ ಬಾಯಿ ನನ್ನದಲ್ಲ. ಪಟ್ಟಣಕ್ಕೆ ಖರ್ಚು ಮಾಡಿದ ಪ್ರತಿ ರೂಪಾಯಿಯೂ ಹಳ್ಳಿಯಿಂದ ಕದ್ದದ್ದು ಅಂತ ಕೂಗುವವರಿದ್ದಾರೆ. ನಾನು ಆ ಪೈಕಿ ಅಲ್ಲ. ಆ ಪ್ಲಾಟ್‌ಫಾರ್ಮಿನ ಮೇಲೆ ಕಾಯುವ ಮಂದಿಯಲ್ಲಿ ಅರ್ಧ ನಮ್ಮವರೇ.

ನನ್ನ ಪ್ರಶ್ನೆ ಬೇರೆ. ಸ್ಟೇಷನ್ ಬೆಳೆದರೆ ಅದರ ಸುತ್ತಲಿನ ನೆಲದ ಬೆಲೆ ಬೆಳೆಯುತ್ತದೆ. ಆ ಬೆಳೆದ ಬೆಲೆ ಯಾರ ಚೀಲಕ್ಕೆ ಬೀಳುತ್ತದೆ? ಮತ್ತು ನಮ್ಮ ಮಾಲು ಹೊರುತ್ತಿದ್ದ ರೈಲು ಎಲ್ಲಿಗೆ ಹೋಯಿತು?

ಗದಗಿಗೆ ರೈಲು ಬಂದದ್ದು 1884ರಲ್ಲಿ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಈ ಭಾಗದ ಮಂದಿ ಹುಳದಂತೆ ಸತ್ತರು. ಬರ ಬೀಳುವ ಸೀಮೆಗೆ ರೈಲು ಬೇಕು, ಕಾಳು ಬೇಗ ತಲುಪಬೇಕು ಅಂತ 1880ರ ಬರ ಆಯೋಗ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬಳ್ಳಾರಿ, ಹುಬ್ಬಳ್ಳಿ, ಹೋಟಗಿ ಎಲ್ಲ ಕಡೆಯಿಂದ ಹಳಿ ಬಂದು ಗದಗಿನಲ್ಲಿ ಸೇರಿತು. 1888ರ ಹೊತ್ತಿಗೆ ಮುರ್ಮುಗೋವೆಯ ಬಂದರಿನವರೆಗೆ ದಾರಿ ಆಯಿತು. ಅದಕ್ಕೂ ಮುಂಚೆ ನಮ್ಮ ಹತ್ತಿ ಚಕ್ಕಡಿಯ ಮೇಲೆ ಘಟ್ಟ ಇಳಿದು ಕುಮಟೆಗೆ, ಕಾರವಾರಕ್ಕೆ ಹೋಗುತ್ತಿತ್ತು. ಕಾಳು ಒಳಗೆ ಬರಲಿ ಅಂತ ಹಾಕಿದ ಹಳಿಯ ಮೇಲೆ ಹತ್ತಿ ಹೊರಗೆ ಹೋಯಿತು. ಸ್ಟೇಷನ್ನಿನ ಆಸುಪಾಸಿನಲ್ಲಿ ಜಿನ್ನುಗಳು ಬಂದವು, ಪ್ರೆಸ್ಸುಗಳು ಬಂದವು, ಅಡತಿ ಅಂಗಡಿಗಳು ಬಂದವು, ಹಮಾಲರ ಓಣಿಗಳು ಬಂದವು. ಈಗ ಯಾವುದನ್ನು ಪೇಟೆ ಅಂತ ಕರೀತೀವಿ, ಅದು ಬೆಳೆದದ್ದು ನಮ್ಮ ಅಜ್ಜಂದಿರ ಹತ್ತಿಯ ಮೇಲೆ. ಇದೇ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅದು. ಯಾಕೆ ಕಟ್ಟಿದರು? ಬೆಳೆದ ಮಾಲು ಪೇಟೆಗೆ ಹೋಗುವುದರೊಳಗೇ ಸಾವಕಾರನ ಪಾಲಾಗುತ್ತಿತ್ತು, ಅದಕ್ಕೆ.

ನಮ್ಮಪ್ಪನ ಕಾಲಕ್ಕೆ ಗೂಡ್ಸ್ ಶೆಡ್ಡು ಅಂದರೆ ರೈತನಿಗೆ ಗೊತ್ತಿರುವ ಜಾಗ. ಹತ್ತು ಚೀಲ ಮೆಣಸಿನಕಾಯಿ ಇದ್ದರೂ ಬುಕ್ ಮಾಡಬಹುದಿತ್ತು. ಚಕ್ಕಡಿ ನಿಲ್ಲಿಸಿ, ತೂಗಿಸಿ, ಬಿಲ್ಟಿ ಬರೆಸಿಕೊಂಡು ಅದನ್ನು ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡು ಬರುತ್ತಿದ್ದ. ಗದಗಿನ ದರ ಬೀಳ್ತು ಅಂದರೆ ಬೇರೆ ಊರಿಗೆ ಕಳಿಸುತ್ತೇನೆ ಅನ್ನುವ ಒಂದು ಧೈರ್ಯ ಆ ಬಿಲ್ಟಿಯಲ್ಲಿತ್ತು. ಹೋಗಲಿ ಬಿಡಲಿ, ಹೇಳಲಿಕ್ಕಾದರೂ ಬರುತ್ತಿತ್ತು. 1980ರ ದಶಕದಿಂದ ರೈಲ್ವೆಯವರು ಚಿಲ್ಲರೆ ಮಾಲು ಬೇಡ ಅಂದರು, ಆಮೇಲೆ ಒಂದೊಂದು ವ್ಯಾಗನ್ನೂ ಬೇಡ ಅಂದರು, ತುಂಬಿದರೆ ಇಡೀ ರೇಕ್ ತುಂಬಿರಿ ಅಂದರು. ಒಂದು ರೇಕ್ ಅಂದರೆ ಸುಮಾರು 2,600 ಟನ್. ನಮ್ಮ ಇಡೀ ಹೋಬಳಿಯ ಕಡಲೆ ಗುಡ್ಡೆ ಹಾಕಿದರೂ ಎಷ್ಟು ರೇಕ್ ತುಂಬೀತು? ಅದಿರು ತುಂಬುತ್ತದೆ, ಕಲ್ಲಿದ್ದಲು ತುಂಬುತ್ತದೆ, ಸಿಮೆಂಟು ತುಂಬುತ್ತದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಹೊರುತ್ತಿದ್ದ ರೈಲು ಈಗ ಹೊರುವುದು ಮೂರನೇ ಒಂದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಲಾರಿ. ಲಾರಿಯ ಬಾಡಿಗೆ ಕೊಡುವವರು ಯಾರು? ಪಟ್ಟಿಯಲ್ಲಿ ಅಡತಿಯವರು ಕಡಿದುಕೊಳ್ಳುವುದನ್ನು ಓದಿದವರಿಗೆ ನಾನು ಹೇಳಬೇಕಾಗಿಲ್ಲ.

ನಡುವೆ ಒಂದು ಆಸೆ ಹುಟ್ಟಿತ್ತು. 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಕಿಸಾನ್ ರೈಲು ಬಿಟ್ಟರು. ಇಡೀ ರೇಕ್ ಬೇಡ, ನಿಮ್ಮ ಹತ್ತು ಚೀಲ ತಂದರೂ ಸರಿ ಅಂದರು. ಹಣ್ಣು ತರಕಾರಿಗೆ ಬಾಡಿಗೆಯಲ್ಲಿ ನೂರಕ್ಕೆ 50 ಸಹಾಯಧನ. ಉಳ್ಳಾಗಡ್ಡಿ ಬಹಳ ಹೋಯಿತು. ಸಹಾಯಧನ 2022ರಲ್ಲಿ ನಿಂತಿತು, ಗಾಡಿಯ ಸದ್ದೂ ಅಡಗಿತು. ಆದ್ದರಿಂದ ಚಿಲ್ಲರೆ ಮಾಲು ಹೊರಲು ರೈಲ್ವೆಗೆ ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷ ಹೊತ್ತು ತೋರಿಸಿದ್ದಾರೆ.

ಇನ್ನು ಒಳಗೆ ಬರುವ ಮಾಲು. ಬಿತ್ತಿಗೆ ಹೊತ್ತಿನಲ್ಲಿ ‘ರೇಕ್ ಬಂದೈತಿ’ ಅಂದರೆ ಯೂರಿಯಾ ಬಂದಿದೆ ಅಂತ ನಮ್ಮ ಮಕ್ಕಳಿಗೂ ಗೊತ್ತು. ಸ್ಟೇಷನ್ ಚೆಂದ ಕಾಣಬೇಕು ಅಂತ ಊರ ನಡುವಿನ ಗೂಡ್ಸ್ ಶೆಡ್ಡನ್ನು ಹೊರಗೆ ಸಾಗಿಸುವ ಮಾತು ಎಲ್ಲ ಪಟ್ಟಣಗಳಲ್ಲೂ ಏಳುತ್ತದೆ. ಧೂಳು, ಲಾರಿ, ಗದ್ದಲ. ಪಟ್ಟಣದವರ ಕಷ್ಟವೂ ಕಷ್ಟವೇ. ಸಾಗಿಸಲಿ. ಆದರೆ 45 ಕಿಲೋ ಯೂರಿಯಾ ಚೀಲಕ್ಕೆ ಸರ್ಕಾರ ನಿಗದಿ ಮಾಡಿದ ಬೆಲೆ 266 ರೂಪಾಯಿ 50 ಪೈಸೆ. ಶೆಡ್ಡು ಹದಿನೈದು ಇಪ್ಪತ್ತು ಕಿಲೋಮೀಟರ್ ಆಚೆ ಹೋದರೆ ಚೀಲದ ಮೇಲಿನ ಬೆಲೆ ಏರುವುದಿಲ್ಲ, ಅಂಗಡಿಯವ ತನ್ನ ಬಾಡಿಗೆಯನ್ನು ಹೇಗೆ ಎತ್ತುತ್ತಾನೆ? ‘ಯೂರಿಯಾ ಬೇಕಾದ್ರ ಈ ಡಬ್ಬೀನೂ ತಗೋರಿ’ ಅಂತ ಬೇಡದ ಔಷಧಿ ಕೊಡುತ್ತಾನಲ್ಲ, ಹಾಗೆ.

ಪ್ರಯಾಣದ್ದೂ ಒಂದು ಮಾತು, ಬೇಗ ಮುಗಿಸ್ತೇನೆ. ಕೊರೊನಾ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳನ್ನು ಎಕ್ಸ್‌ಪ್ರೆಸ್ ಸ್ಪೆಷಲ್ ಅಂತ ಹೆಸರು ಬದಲಿಸಿ 10 ರೂಪಾಯಿಯ ಕನಿಷ್ಠ ಟಿಕೆಟ್ಟನ್ನು 30 ಮಾಡಿದರು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಆಗ ಬಿಟ್ಟುಹೋದ ಸಣ್ಣ ಊರಿನ ನಿಲುಗಡೆಗಳು ಎಷ್ಟೋ ತಿರುಗಿ ಬಂದಿಲ್ಲ. ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಮಾಡಿದ್ದಾರೆ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಉದ್ದ. ಹೆಮ್ಮೆಪಡೋಣ. ಆದರೆ ಒಂದೂವರೆ ಕಿಲೋಮೀಟರು ನೋಡ್ರಿ, ತಲೆಯ ಮೇಲೆ ಗಂಟು ಹೊತ್ತವಳಿಗೆ ಅದು ಹೊಲದ ದಾರಿಯಷ್ಟೇ ಆಯಿತು.

ಈಗ ನೆಲದ ವಿಷಯಕ್ಕೆ ಬರ್ತೇನೆ. ಅಸಲು ಮಾತು ಇದೇ.

ರೈಲ್ವೆಯ ಹತ್ತಿರ ಸುಮಾರು 4.9 ಲಕ್ಷ ಹೆಕ್ಟೇರ್ ನೆಲ ಇದೆ. ಅದರಲ್ಲಿ 60 ಸಾವಿರ ಹೆಕ್ಟೇರಿನಷ್ಟು ಖಾಲಿ. ಅದು ಆಕಾಶದಿಂದ ಬಿದ್ದದ್ದಲ್ಲ. ಕಂಪನಿಗಳ ಕಾಲದಲ್ಲಿ ಸರ್ಕಾರವೇ ನೆಲ ಬಿಡಿಸಿ ಕೊಡುತ್ತಿತ್ತು. 1894ರ ಕಾಯ್ದೆ ಬಂದ ಮೇಲೆ ‘ಸಾರ್ವಜನಿಕ ಉದ್ದೇಶ’ ಅನ್ನುವ ಎರಡೇ ಶಬ್ದದಿಂದ ಬಂತು. 2005ರಲ್ಲಿ ರೈಲ್ವೆ ಕಾಯ್ದೆ ತಿದ್ದಿ, ಖಾಲಿ ನೆಲವನ್ನು ವ್ಯಾಪಾರಕ್ಕೆ ಕೊಡಲು ಒಂದು ಪ್ರಾಧಿಕಾರ ಮಾಡಿದರು. ಭೋಪಾಲದ ಹಬೀಬಗಂಜ್ ಸ್ಟೇಷನ್, ಈಗ ರಾಣಿ ಕಮಲಾಪತಿ ಅಂತ ಹೆಸರು, 2021ರ ನವೆಂಬರಿನಲ್ಲಿ ಹೊಸದಾಗಿ ತೆರೆಯಿತು. ಅಲ್ಲಿ ಖಾಸಗಿಯವರು ಸ್ಟೇಷನ್ ಕಟ್ಟಿಕೊಡಬೇಕು, ಬದಲಿಗೆ ಸುತ್ತಲಿನ ನೆಲ 45 ವರ್ಷ ಗೇಣಿಗೆ. ಅದೇ ವರ್ಷ ಗುಜರಾತಿನ ಗಾಂಧಿನಗರದ ಸ್ಟೇಷನ್ ತಲೆಯ ಮೇಲೆ 318 ಕೋಣೆಗಳ ಹೋಟೆಲು ಎದ್ದಿತು. ಸಣ್ಣ ಊರಿಗೆ ಈ ಲೆಕ್ಕ ಹತ್ತಲಿಲ್ಲ, ಹಣ ಹಾಕುವವರು ಬರಲಿಲ್ಲ. ಆದ್ದರಿಂದಲೇ ಈಗ ಅಮೃತ ಭಾರತದಲ್ಲಿ ಸರ್ಕಾರವೇ ಬಹುಪಾಲು ತನ್ನ ಹಣ ಹಾಕುತ್ತಿದೆ. ಅಂದರೆ ನಿಮ್ಮ ನನ್ನ ತೆರಿಗೆ.

2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಇನ್ನೊಂದು ತೀರ್ಮಾನ ಮಾಡಿತು. ಸರಕು ಟರ್ಮಿನಲ್ ಕಟ್ಟುವವರಿಗೆ ರೈಲ್ವೆ ನೆಲದ ವಾರ್ಷಿಕ ಬಾಡಿಗೆ ಮಾರುಕಟ್ಟೆ ಬೆಲೆಯ ನೂರಕ್ಕೆ 6 ಇದ್ದದ್ದು ಒಂದೂವರೆಗೆ ಇಳಿಯಿತು, ಗೇಣಿ 35 ವರ್ಷ. ಟರ್ಮಿನಲ್ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಕಟ್ಟುವ ರೈತನಿಗೂ ಬ್ಯಾಂಕಿನ ಬೆಳೆಸಾಲ ನೂರಕ್ಕೆ 4. ಒಂದು ಲೆಕ್ಕ ಹಾಕೋಣ, ಪೆನ್ನು ಇದ್ದವರು ಬರೆದುಕೊಳ್ರಿ. ಪಟ್ಟಣದ ಅಂಚಿನ ಎಕರೆಗೆ 40 ಲಕ್ಷ ಅಂತ ಇಟ್ಟುಕೊಳ್ಳೋಣ. ಅದರ ನೂರಕ್ಕೆ ಒಂದೂವರೆ ಅಂದರೆ ವರ್ಷಕ್ಕೆ 60,000. ಅದೇ ಎಕರೆಯಲ್ಲಿ ಐದು ಕ್ವಿಂಟಲ್ ಕಡಲೆ ಬಂತು ಅನ್ನಿ. 2025-26ರ ಹಿಂಗಾರಿ ಮಾರಾಟಕ್ಕೆ ಘೋಷಿಸಿದ ಬೆಂಬಲ ಬೆಲೆ 5,650. ಆ ಬೆಲೆ ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಂಡರೆ 28,250 ರೂಪಾಯಿ. ಬೀಜ, ಗೊಬ್ಬರ, ಕೂಲಿ ಇನ್ನೂ ಕಳೆದಿಲ್ಲ. ಎಲ್ಲರಿಗಿಂತ ಅಗ್ಗವಾದ ಆ ಬಾಡಿಗೆಯ ಅರ್ಧಕ್ಕೂ ನಮ್ಮ ಬೆಳೆ ಮುಟ್ಟುವುದಿಲ್ಲ. ಹೊಲದ ಬೆಲೆಗೂ ಬೆಳೆಯ ಬೆಲೆಗೂ ಇದ್ದ ನಂಟು ಹರಿದುಹೋಗಿದೆ ಅಂತ ಇದರ ಅರ್ಥ. ಅದೂ ಅಲ್ಲದೆ, ಹೊಲದ ಬೆಲೆ ಹತ್ತು ಪಟ್ಟಾದರೂ ಸೊಸೈಟಿಯ ಬೆಳೆಸಾಲ ಹತ್ತು ಪಟ್ಟಾಗುವುದಿಲ್ಲ. ಅದು ಬೆಳೆ ನೋಡಿ ಎಕರೆಗೆ ಇಷ್ಟು ಅಂತ ಕೊಡುವುದು. ಏರಿದ ಬೆಲೆ ಕೈಗೆ ಬರುವುದು ಮಾರುವವನಿಗೆ ಮಾತ್ರ. ಉಳುವವನಿಗೆ ಆಗುವುದೇನು? ಪಕ್ಕದ ಹೊಲ ಕೊಳ್ಳಲಾರ, ಲಾವಣಿಯೂ ಏರುತ್ತದೆ.

ನಮ್ಮ ಕಥೆ ಹೀಗಾಯಿತು. ಅಣ್ಣ ಮೂರು ಬೋರು ಕೊರೆಸಿದ, ಮೂರೂ ಒಣ. ಸೊಸೈಟಿ, ಬ್ಯಾಂಕು, ಅಡತಿ ಅಂಗಡಿಯ ಕೈಗಡ, ಎಲ್ಲ ಕೂಡಿ ಬಂದು ಬಾಗಿಲಲ್ಲಿ ಕುಂತವು. ಆಗ ಒಬ್ಬ ಬಂದ. ಹೆಸರು ಬೇಡ. ಬಿಳಿ ಅಂಗಿ, ಬಹಳ ವಿನಯ. ‘ಯಜಮಾನ್ರ, ಈ ಸಾಲದಾಗ ಎಷ್ಟು ದಿನ ಒದ್ದಾಡ್ತೀರಿ, ಎರಡು ಎಕರೆ ಕೊಟ್ಟು ಆರಾಮಾಗ್ರಿ’ ಅಂದ. ಸಂಚಕಾರ ಕೊಟ್ಟ, ಹನ್ನೊಂದು ತಿಂಗಳ ಕರಾರು ಬರೆಸಿದ, ಅಧಿಕಾರಪತ್ರಕ್ಕೂ ಸಹಿ ಹಾಕಿಸಿಕೊಂಡ. ಉಳಿದ ಹಣವನ್ನು ನಮಗೆ ಕೊಟ್ಟದ್ದು ಆ ಹೊಲವನ್ನೇ ತುಂಡು ಮಾಡಿ ಮಾರಿ. ಹೆಸರಿಗೆ ಮಾಲೀಕರು ನಾವು, ವ್ಯಾಪಾರ ಅವನದು. ಅವನಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ: ಪಟ್ಟಣದ ಮಹಾಯೋಜನೆಯ ನಕ್ಷೆಯಲ್ಲಿ ನಮ್ಮ ಹೊಲ ಹಸಿರು ಬಣ್ಣದಿಂದ ಹಳದಿಗೆ ಹೋಗುತ್ತದೆ ಅಂತ. ಹಸಿರು ಅಂದರೆ ಬೇಸಾಯ, ಹಳದಿ ಅಂದರೆ ಮನೆ. ನಮಗೆ ಎಕರೆಗೆ ಬಂದಷ್ಟು ಹಣ ಮೂರು ವರ್ಷದ ಮೇಲೆ ಮೂರು ಗುಂಟೆಗೆ ಬಂತು. ಈಗ ಅಲ್ಲಿ ಫಲಕ ಹಾಕಿದ್ದಾರೆ: ‘ಹೊಸ ರೈಲ್ವೆ ಸ್ಟೇಷನ್ನಿನಿಂದ ಹತ್ತೇ ನಿಮಿಷ’. ನಾನು ನಡೆದು ನೋಡಿದ್ದೇನೆ, ಒಂದು ತಾಸು ಬೇಕು. ಅಣ್ಣನ ಸಾಲ ಆ ವರ್ಷ ತೀರಿತು. ಉಳಿದ ಹೊಲ ಸಣ್ಣದಾಯಿತು, ಹುಟ್ಟುವಳಿ ಸಣ್ಣದಾಯಿತು, ಸಾಲ ಮತ್ತೆ ಬಂತು.

1980 ನೆನಪಿದ್ದವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಿರಿ. ನರಗುಂದ ಇಲ್ಲೇ ಇದೆ, ನವಲಗುಂದ ಅದರಾಚೆ. ಮಲಪ್ರಭಾ ಕಾಲುವೆ ಬಂತು, ನಿಮ್ಮ ಹೊಲದ ಬೆಲೆ ಏರಿತು, ಆದ್ದರಿಂದ ಅಭಿವೃದ್ಧಿ ಕರ ಕಟ್ಟಿರಿ ಅಂತ ನೀರು ಮುಟ್ಟದ ಹೊಲದವನಿಗೂ ನೋಟೀಸು ಬಂತು. ಆ ವರ್ಷ ಜುಲೈ 21ರಂದು ಗುಂಡು ಹಾರಿತು, ರೈತರು ಸತ್ತರು. ಆಗ ಸರ್ಕಾರದ ವಾದ ಏನಿತ್ತು? ಸಾರ್ವಜನಿಕ ಹಣದಿಂದ ನೆಲದ ಬೆಲೆ ಏರಿದರೆ ಏರಿದ್ದರಲ್ಲಿ ಪಾಲು ಸರ್ಕಾರಕ್ಕೆ ಬರಬೇಕು. ವಾದ ತಪ್ಪು ಅಂತ ನಾನು ಈಗ ಹೇಳಲಾರೆ. ಬೆಳೆಗೆ ಬೆಲೆ ಇಲ್ಲದವನ ಮೇಲೆ, ನೀರೇ ಬಾರದವನ ಮೇಲೆ ಹಾಕಿದ್ದು ತಪ್ಪು. ಹಾಗಾದರೆ ಅದೇ ವಾದವನ್ನು ಸ್ಟೇಷನ್ ರೋಡಿನ ಎರಡೂ ಬದಿಗೆ ಹಿಡಿಯಿರಿ. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಲ್ಲೂ ಅಭಿವೃದ್ಧಿ ತೆರಿಗೆ ಅನ್ನುವುದು ಬರೆದೇ ಇದೆ. ಸ್ಟೇಷನ್ ಹೊಸದಾಯಿತು ಅಂತ ಯಾವ ಪ್ಲಾಟಿನ ವ್ಯಾಪಾರಿಗೆ ನೋಟೀಸು ಬಂದದ್ದು ನೀವು ಕಂಡಿದ್ದೀರಿ?

ಕಾನೂನಿನ ಎರಡು ಮೂರು ಮಾತು ತಿಳಿದುಕೊಂಡು ಹೋಗಿರಿ, ಇದು ಕೆಲಸಕ್ಕೆ ಬರುತ್ತದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸರ್ಕಾರ ಮತ್ತು ಖಾಸಗಿ ಕೂಡಿ ಮಾಡುವ ಯೋಜನೆಗೆ ನೂರಕ್ಕೆ 70 ಮಂದಿಯ ಒಪ್ಪಿಗೆ ಬೇಕು. ಆದರೆ ರೈಲ್ವೆ ಕಾಯ್ದೆಯ ಕೆಳಗೆ ನೆಲ ತೆಗೆದುಕೊಂಡರೆ ಆ ಒಪ್ಪಿಗೆ ಬೇಕಿಲ್ಲ. ಪರಿಹಾರದ ಲೆಕ್ಕ ಮಾತ್ರ 2013ರ ಕಾಯ್ದೆಯದು. ಗದಗ–ವಾಡಿ ಹೊಸ ಹಳಿಗೆ ನೆಲ ಕೊಟ್ಟ ಊರುಗಳಿವೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು, ಆ ಭಾಗದವರಿಗೆ ದೊಡ್ಡ ಅನುಕೂಲ. ಆದರೆ ಪರಿಹಾರದ ಬೆಲೆ ಹೇಗೆ ಕಟ್ಟುತ್ತಾರೆ? ಮಾರ್ಗಸೂಚಿ ಬೆಲೆ ಒಂದು ಕಡೆ, ಹಿಂದಿನ ಮೂರು ವರ್ಷದ ಖರೀದಿಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧ ಪಾಲಿನ ಸರಾಸರಿ ಇನ್ನೊಂದು ಕಡೆ. ಯಾವುದು ಹೆಚ್ಚೋ ಅದು. ಹಳ್ಳಿಯಾದರೆ ಅದನ್ನು ಎರಡು ಪಟ್ಟಿನವರೆಗೆ ಏರಿಸಬಹುದು, ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ. ನಾವೇನು ಮಾಡ್ತೀವಿ? ಛಾಪಾ ಖರ್ಚು ಉಳಿಸಲು ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದು ಕೈಯಲ್ಲಿ ಇಸಗೊಳ್ತೀವಿ. ನಾಳೆ ಪಕ್ಕದವನ ಹೊಲ ಹೋದಾಗ ಅವನ ಪರಿಹಾರ ನಮ್ಮ ಸುಳ್ಳುಪತ್ರದ ಮೇಲೆ ನಿಲ್ಲುತ್ತದೆ. ಇನ್ನೊಂದು: ಊರನ್ನು ನಗರಸಭೆಗೆ ಸೇರಿಸ್ತಾರೆ ಅಂದ ಕೂಡಲೇ ಡೊಳ್ಳು ಬಾರಿಸಬೇಡಿ. ಸೇರಿದ ಮೇಲೆ ಆ ಎರಡು ಪಟ್ಟು ಒಂದೇ ಪಟ್ಟಾಗುತ್ತದೆ. ಗದಗ-ಬೆಟಗೇರಿಯ ಜನಸಂಖ್ಯೆ 2011ರ ಗಣತಿಯಲ್ಲಿ 1 ಲಕ್ಷ 72 ಸಾವಿರ. ಇಂಥ ಊರಿನ ಎಲ್ಲೆಯಿಂದ 6 ಕಿಲೋಮೀಟರಿನೊಳಗಿನ ಹೊಲ ಮಾರಿದರೆ ಲಾಭದ ಮೇಲೆ ಆದಾಯ ತೆರಿಗೆಯ ಲೆಕ್ಕವೂ ಬರುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿದ ಮೇಲೆ ಕೊಳ್ಳುವವನು ರೈತನೇ ಆಗಿರಬೇಕು ಅನ್ನುವ ತಡೆಯೂ ಇಲ್ಲ. ಕೊಳ್ಳುವವರ ಸಾಲು ಉದ್ದವಾಗಿದೆ, ನಮ್ಮ ತಿಳಿವಳಿಕೆ ಮಾತ್ರ ಅಷ್ಟೇ ಇದೆ.

ಹಾಗಾದರೆ ಮಾರಲೇಬಾರದೋ? ಹಾಗೆ ಹೇಳಲು ನಾನು ಯಾರು, ನಾನೇ ಮಾರಿದವನು. ಪುಣೆಯ ಹಡಪಸರದ ಹತ್ತಿರ ಮಗರಪಟ್ಟಾ ಅಂತ ಇದೆ. ಕಬ್ಬು ಬೆಳೆಯುತ್ತಿದ್ದ ಸುಮಾರು 120 ಕುಟುಂಬಗಳು ತಮ್ಮ 400 ಎಕರೆಯಷ್ಟು ಹೊಲವನ್ನು ಬಿಲ್ಡರನಿಗೆ ಕೊಡದೆ 2000ದ ಸುಮಾರಿಗೆ ತಾವೇ ಕಂಪನಿ ಮಾಡಿಕೊಂಡರು. ಯಾರ ಹೊಲ ಎಷ್ಟೋ ಅಷ್ಟು ಪಾಲು. ಊರು ಕಟ್ಟಿದರು, ಬಾಡಿಗೆ ಬರುತ್ತಿದೆ, ಮಕ್ಕಳು ಅದರಲ್ಲೇ ಗುತ್ತಿಗೆ ಹಿಡಿದರು. ಅಲ್ಲಿ ದೊಡ್ಡ ಹಿಡುವಳಿಯ ಒಂದು ಮನೆತನ ಮುಂದೆ ನಿಂತಿತ್ತು, ಪುಣೆಯಲ್ಲಿ ಕಂಪ್ಯೂಟರ್ ಕಂಪನಿಗಳ ಹಸಿವೂ ಇತ್ತು. ಗದಗಿನಲ್ಲಿ ಅದೇ ಆಗುತ್ತದೆ ಅಂದರೆ ನಾನೂ ಆ ಬಿಳಿ ಅಂಗಿಯವನಂತೆಯೇ ಆದೆ. ಆದರೆ ಇಪ್ಪತ್ತು ಮನೆಯವರು ಒಬ್ಬೊಬ್ಬರಾಗಿ ಸಂಚಕಾರ ಬರೆಸುವುದಕ್ಕೂ ಒಟ್ಟಿಗೇ ಕುಂತು ಮಾತಾಡುವುದಕ್ಕೂ ವ್ಯತ್ಯಾಸ ಇದೆ. ಅಣ್ಣ ಸಹಿ ಹಾಕಿದ ದಿನವೇ ಪಕ್ಕದ ಹೊಲದವನೂ ಸಹಿ ಹಾಕಿದ್ದ, ಬೇರೆ ದರಕ್ಕೆ. ಇಬ್ಬರಿಗೂ ಗೊತ್ತೇ ಇರಲಿಲ್ಲ.

ರೈಲ್ವೆಯವರನ್ನು ಕೇಳಬೇಕಾದ್ದನ್ನು ಒಂದು ಮನವಿಯಲ್ಲಿ ಬರೆದು ತಂದಿದ್ದೇನೆ. ಗೂಡ್ಸ್ ಶೆಡ್ಡು ಎಲ್ಲೇ ಇರಲಿ, ಮೇಲೆ ತಗಡು ಇರಬೇಕು, ಮಳೆಯಲ್ಲಿ ಗೊಬ್ಬರ ನೆನೆಯಬಾರದು. ವಾರಕ್ಕೆ ಒಂದಾದರೂ ಗಾಡಿಗೆ ಪಾರ್ಸೆಲ್ ಡಬ್ಬಿ ಹಚ್ಚಿ ಉಳ್ಳಾಗಡ್ಡಿ, ಮೆಣಸಿನಕಾಯಿಯನ್ನು ಚೀಲದ ಲೆಕ್ಕದಲ್ಲಿ ತೆಗೆದುಕೊಳ್ಳಬೇಕು. ಹೊಸ ಸ್ಟೇಷನ್ನಿನ ಮುಂದೆ ಕಾರಿಗೆ ಎಷ್ಟು ಜಾಗವೋ ಟಂಟಂಗೂ ಅಷ್ಟೇ ಜಾಗ. ‘ಒಂದು ನಿಲ್ದಾಣ ಒಂದು ಉತ್ಪನ್ನ’ ಅಂತ 2022ರಿಂದ ಮಳಿಗೆ ಕೊಡುತ್ತಿದ್ದಾರಲ್ಲ, ಅದು ನಮ್ಮ ಹೆಣ್ಣುಮಕ್ಕಳ ಸಂಘಕ್ಕೂ ಸರದಿಯಲ್ಲಿ ಬರಬೇಕು. ಬಿಟ್ಟುಹೋದ ನಿಲುಗಡೆಗಳ ಪಟ್ಟಿ ಬೇರೆ ಹಾಳೆಯಲ್ಲಿದೆ. ನಿಮ್ಮ ಊರಿನದು ತಪ್ಪಿದ್ದರೆ ಈಗಲೇ ಸೇರಿಸಿ.

ಮುಂದಿನ ಸಭೆಗೆ ಮಹಾಯೋಜನೆಯ ನಕ್ಷೆಯ ಪ್ರತಿ ತರಿಸುತ್ತೇವೆ. ಎಲ್ಲರೂ ನಿಮ್ಮ ಉತಾರ ತನ್ನಿ. ಸರ್ವೆ ನಂಬರು ಹಿಡಿದು ಯಾರ ಹೊಲ ಯಾವ ಬಣ್ಣದಲ್ಲಿದೆ ಅಂತ ಒಂದೊಂದಾಗಿ ನೋಡೋಣ. ಈಗಾಗಲೇ ಸಂಚಕಾರ ಬರೆಸಿದವರು ನಾಚಿಕೆ ಬಿಟ್ಟು ಆ ಕಾಗದವನ್ನೂ ತನ್ನಿ. ವಕೀಲರೊಬ್ಬರು ಬರುತ್ತೇನೆ ಅಂದಿದ್ದಾರೆ, ಫೀ ಇಲ್ಲ. ಮನವಿಗೆ ಸಹಿ ಹಾಕುವವರು ಇಲ್ಲಿ ಎಡಗಡೆ ಬನ್ನಿ, ಹೆಬ್ಬೆಟ್ಟಿನವರಿಗೆ ಮಸಿ ಇಲ್ಲೇ ಇಟ್ಟಿದ್ದಾರೆ.